ಎಂಟು ಗಂಟೆ ಮುಂದೆ

ಲಿಫ್ಟ್ ತಯಾರಿಸುವ ಆ ಕಂಪನಿಯಲ್ಲಿ ನಕ್ಷೆ ತಿದ್ದುವ ಕೆಲಸಕ್ಕೆ ಪುಟ್ಟಿ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ವಯಸ್ಸು ನಲವತ್ತೆಂಟು ದಾಟಿದರೂ ಮನೆಯವರಿಗೆ ಅವಳು ಪುಟ್ಟಿಯೇ. ಆಫೀಸಿನಲ್ಲಿ ಮಾತ್ರ ಅಡಿಪಟ್ಟಿ ಮೇಡಂ. ಬೇರೆಯವರು ಬರೆದ ನಕ್ಷೆ ಅವಳ ಮೇಜಿಗೆ ಬರಬೇಕು. ಕೆಳಗಿನ ಗುಂಡಿಯ ಆಳ ಎಷ್ಟು, ಚಾವಣಿಗೂ ಲಿಫ್ಟಿನ ಪೆಟ್ಟಿಗೆಗೂ ನಡುವೆ ಬಿಟ್ಟ ಜಾಗ ಎಷ್ಟು, ಬಾಗಿಲು ಸರಿದಾಗ ಗೋಡೆಗೆ ತಾಗುತ್ತದೆಯೋ ಇಲ್ಲವೋ ಎಂದು ಅವಳು ಒಂದೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅವಳು ಸಹಿ ಹಾಕಿದ ಮೇಲೆಯೇ ಕಾರ್ಖಾನೆಯಲ್ಲಿ ತಗಡು ಕತ್ತರಿಸುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈ ದಾಟಿ ಹೋದ ತಪ್ಪು ಎರಡೇ ಎರಡು. ಆ ಎರಡೂ ನಕ್ಷೆಗಳ ನಂಬರು ಅವಳಿಗೆ ಬಾಯಿಪಾಠ.

ಅಕ್ಕ ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ಮದುವೆಯಾಗಿ ಬೇರೆ ದೇಶ ಸೇರಿ ಇಪ್ಪತ್ತೆಂಟು ವರ್ಷವಾಗಿತ್ತು. ಅಲ್ಲಿ ಭಾವ ಸಿಟಿ ಬಸ್ ಓಡಿಸುತ್ತಿದ್ದರು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಸುತ್ತಲ ಬೀದಿಗಳವರ ಬಟ್ಟೆ ಹೊಲಿಯುತ್ತಿದ್ದಳು. ಮಕ್ಕಳಿರಲಿಲ್ಲ. ಮೊದಲು ಅವಳ ಕೈಯಿಂದ ಕತ್ತರಿ ಜಾರಿತು, ಆಮೇಲೆ ಲೋಟ ಜಾರಿತು, ಆಮೇಲೆ ಮೆಟ್ಟಿಲ ಮೇಲೆ ಅವಳೇ ಜಾರಿದಳು. ಇದು ನರದ ಕಾಯಿಲೆ, ಕೈಕಾಲು ಒಂದೊಂದಾಗಿ ಹೇಳಿದ ಮಾತು ಕೇಳುವುದನ್ನು ಬಿಡುತ್ತವೆ, ಮದ್ದಿಲ್ಲ, ಹೆಚ್ಚೆಂದರೆ ಒಂದು ವರ್ಷ ಎಂದರಂತೆ ಡಾಕ್ಟರು. ಭಾವ ಇಷ್ಟನ್ನೂ ಫೋನಿನಲ್ಲಿ ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಓದಿದರು. ಅವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅಕ್ಕನ ಬಳಿ ಯಾರೂ ಇಲ್ಲ. ಕೆಲಸ ಬಿಟ್ಟರೆ ಕೆಲಸದ ಜೊತೆಗಿರುವ ಆಸ್ಪತ್ರೆಯ ಸವಲತ್ತೂ ಹೋಗುತ್ತದೆ.

ಪುಟ್ಟಿಗೆ ಗಂಡ, ಮಕ್ಕಳು, ಸಂಸಾರ ಎಂದು ಹಿಡಿದು ನಿಲ್ಲಿಸುವ ಗಂಟು ಯಾವುದೂ ಇರಲಿಲ್ಲ. ಮರುದಿನವೇ ರಾಜೀನಾಮೆ ಬರೆದುಕೊಂಡು ಮೇಲಧಿಕಾರಿಯ ಕೋಣೆಗೆ ಹೋದಳು. ಯಾರು ಏನು ಕೇಳಿದರೂ "ಆಗಲಿ, ನೋಡೋಣ" ಎಂದು ಕಳಿಸುತ್ತಿದ್ದ ಅವರಿಗೆ ಆಫೀಸಿನಲ್ಲಿ 'ಆಗಲಿ ಸಾರ್' ಎಂದೇ ಹೆಸರಾಗಿತ್ತು.

"ಇದೇನು ಮೇಡಂ, ಇಷ್ಟು ವರ್ಷ ಆದ್ಮೇಲೆ?"

"ಅಕ್ಕನ್ನ ನೋಡ್ಕೋಬೇಕು ಸಾರ್."

ಅವರು ಕಾಗದವನ್ನು ಎರಡು ಸಲ ಓದಿದರು. "ನಿಮ್ಮ ಜಾಗಕ್ಕೆ ಒಬ್ಬರನ್ನ ತಯಾರು ಮಾಡೋಕೆ ನನಗೆ ಎರಡು ವರ್ಷ ಬೇಕು. ಅಷ್ಟರಲ್ಲಿ ಎಷ್ಟು ಬಾಗಿಲು ಗೋಡೆಗೆ ಹೊಡೆಯುತ್ತೋ ಏನೋ. ಅಲ್ಲಿಂದಲೇ ಮಾಡಿ ಮೇಡಂ. ನಕ್ಷೆ ನೋಡೋಕೆ ಇದೇ ಕುರ್ಚಿ ಬೇಕು ಅಂತ ಎಲ್ಲಿ ಬರೆದಿದೆ?"

ಜೀವಮಾನದಲ್ಲಿ ಮೊದಲ ಸಲ ಆಗಲಿ ಸಾರ್ "ನೋಡೋಣ" ಅನ್ನದೆ ಮಾತು ಮುಗಿಸಿದ್ದರು. ಮೀನ ಮೇಷ ಎಣಿಸುವವರು ಬೇರೆಯವರಿದ್ದರು. ಆ ದೇಶದಲ್ಲಿ ಕೂತು ಈ ದೇಶದ ಕೆಲಸ ಮಾಡಲು ಯಾವ ಪರವಾನಗಿ ಬೇಕು, ತೆರಿಗೆ ಯಾರಿಗೆ ಕಟ್ಟಬೇಕು, ನಕ್ಷೆ ಕದ್ದುಹೋದರೆ ಯಾರು ಹೊಣೆ ಎಂದು ಕಂಪನಿಯ ವಕೀಲರು ಐದು ವಾರ ತಲೆ ಕೆಡಿಸಿಕೊಂಡರು. ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ಒಂದು ಒಪ್ಪಂದ ತಯಾರಾಯಿತು: ಅಕ್ಕನ ಆರೈಕೆಯ ಕಾರಣಕ್ಕೆ ಮೂರು ತಿಂಗಳು, ಆಮೇಲೆ ಪರಿಶೀಲನೆ.

ಅಕ್ಕನ ಮನೆ ಮೂರನೇ ಮಹಡಿಯಲ್ಲಿತ್ತು. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಸೂಟ್‌ಕೇಸ್ ಹೊತ್ತು ಏದುಸಿರು ಬಿಡುತ್ತ ಬಂದ ತಂಗಿಯನ್ನು ನೋಡಿ ಅಕ್ಕ ಮಲಗಿದ್ದಲ್ಲಿಂದಲೇ ನಕ್ಕಳು. "ನಿನ್ನ ಕಂಪನಿಯವರಿಗೆ ಹೇಳೇ, ನಿನ್ನ ಜೊತೆ ಒಂದು ಲಿಫ್ಟೂ ಕಳಿಸಬೇಕಿತ್ತು ಅಂತ."

ಮಂಚದ ಕಾಲ ಬುಡದಲ್ಲಿ, ಅಕ್ಕ ಬಟ್ಟೆ ಕತ್ತರಿಸುತ್ತಿದ್ದ ಉದ್ದನೆಯ ಮೇಜನ್ನು ಹಾಕಿಸಿ ಪುಟ್ಟಿ ತನ್ನ ಎರಡು ಪರದೆಗಳನ್ನು ಇಟ್ಟುಕೊಂಡಳು. ಆ ದೇಶದ ಗಡಿಯಾರ ಆಫೀಸಿಗಿಂತ ಎಂಟು ಗಂಟೆ ಮುಂದಿತ್ತು. ಆಫೀಸಿನವರು ಸಂಜೆ ಕಳಿಸಿ ಮನೆಗೆ ಹೋದ ನಕ್ಷೆಗಳನ್ನು ಅವಳು ತನ್ನ ಬೆಳಗಿನ ಎಂಟಕ್ಕೆ ತೆರೆಯುತ್ತಿದ್ದಳು. ಅವಳು ನಾಲ್ಕಕ್ಕೆ ಮುಗಿಸಿ ಏಳುವ ಹೊತ್ತಿಗೆ ಅಲ್ಲಿ ಬೆಳಗಿನ ಎಂಟು. ಜನ ಬಂದು ಕೂರುವಷ್ಟರಲ್ಲಿ ನಕ್ಷೆಗಳು ತಿದ್ದಿ ಸಿದ್ಧವಾಗಿರುತ್ತಿದ್ದವು. ಮುಂಚೆ ಎರಡು ದಿನ ಕಾಯುತ್ತಿದ್ದ ಕಾರ್ಖಾನೆ ಈಗ ಒಂದು ದಿನವೂ ಕಾಯುತ್ತಿರಲಿಲ್ಲ. ಮೂರು ತಿಂಗಳ ಪರಿಶೀಲನೆ ಮೂರು ನಿಮಿಷದಲ್ಲಿ ಮುಗಿದು ಗಡುವು ವರ್ಷಕ್ಕೆ ಏರಿತು. ಇದನ್ನು ನೋಡಿ ಬಾಣಂತನಕ್ಕೆ ಹೋದ ಒಬ್ಬಳಿಗೂ, ಹೆಂಡತಿಗೆ ಬೇರೆ ದೇಶಕ್ಕೆ ವರ್ಗವಾದ ಒಬ್ಬನಿಗೂ ಇದೇ ಸವಲತ್ತು ಸಿಕ್ಕಿತು. ಇಲ್ಲದಿದ್ದರೆ ಇಬ್ಬರೂ ಕೆಲಸ ಬಿಡುವವರೇ ಆಗಿದ್ದರು.

ಪುಟ್ಟಿಗೂ ಲಾಭವಾಗಿರಲಿಲ್ಲ ಎನ್ನುವಂತಿಲ್ಲ. ಮುಂಚೆ ದಿನಕ್ಕೆ ಮೂರು ಗಂಟೆ ರೈಲಿನಲ್ಲೇ ಕಳೆಯುತ್ತಿದ್ದವಳಿಗೆ ಈಗ ಆಫೀಸಿಗೂ ಅಕ್ಕನ ಹಾಸಿಗೆಗೂ ಎರಡು ಹೆಜ್ಜೆ. ಒಂದು ನಕ್ಷೆ ಮುಗಿಸಿ ಎದ್ದು ಅಕ್ಕನನ್ನು ಮಗ್ಗುಲು ತಿರುಗಿಸುವುದು, ಇನ್ನೊಂದು ಮುಗಿಸಿ ಚಮಚದಲ್ಲಿ ನೀರು ಕುಡಿಸುವುದು. ಇಪ್ಪತ್ತೆಂಟು ವರ್ಷದಲ್ಲಿ ಅಕ್ಕತಂಗಿ ಒಟ್ಟಿಗೆ ಕಳೆದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಈ ಎಂಟು ತಿಂಗಳಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ.

ಅಳತೆ ಎಂದರೆ ಅಕ್ಕನ ಕೈಗೆ ಒಲಿದ ವಿದ್ಯೆ. ಕೈ ಹೋದ ಮೇಲೂ ಕಣ್ಣು ಹೋಗಿರಲಿಲ್ಲ. ದಿಂಬಿಗೊರಗಿ ಪರದೆ ನೋಡುತ್ತ, "ಅದೇನೇ ಅದು, ಕಂಕುಳಲ್ಲಿ ಬಿಗಿ ಹಿಡಿದ ರವಿಕೆ ಹಾಗೆ ಕಾಣ್ತಿದೆ," ಎಂದಳು ಒಂದು ದಿನ. ಪುಟ್ಟಿ ಅಳೆದು ನೋಡಿದರೆ ಬಾಗಿಲ ಚೌಕಟ್ಟಿನ ಪಕ್ಕ ಬಿಡಬೇಕಾದ ಜಾಗ ನಿಜವಾಗಿಯೂ ಕಡಿಮೆಯಿತ್ತು. "ನಿನ್ನ ಸಂಬಳದಲ್ಲಿ ಪಾಲು ಕೊಡೇ," ಎಂದು ಅಕ್ಕ ಆ ಇಡೀ ವಾರ ಬೀಗಿದಳು. ಆರನೇ ತಿಂಗಳಿಗೆ ಮಾತು ತೊದಲಿತು. ಏಳನೆಯದರಲ್ಲಿ ನಿಂತೇ ಹೋಯಿತು. ಹೌದು ಎಂದರೆ ಒಂದು ಸಲ ರೆಪ್ಪೆ ಬಡಿಯುವುದು, ಅಲ್ಲ ಎಂದರೆ ಎರಡು ಸಲ. ಆಮೇಲೆ ಪುಟ್ಟಿಯೇ ಮಾತಾಡಿಕೊಂಡು ಕೆಲಸ ಮಾಡುತ್ತಿದ್ದಳು.

ಎಂಟನೇ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ಅವಳು ಎರಡನೇ ನಕ್ಷೆ ಮುಗಿಸಿ ಮಗ್ಗುಲು ತಿರುಗಿಸಲು ಎದ್ದಾಗ ಅಕ್ಕ ಉಸಿರಾಡುತ್ತಿರಲಿಲ್ಲ.

ಭಾವನಿಗೆ ಫೋನ್ ಮಾಡಿದಳು. ಅವರು ಬಸ್ಸನ್ನು ಮುಂದಿನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟು ಬಂದರು. ಡಾಕ್ಟರು ಬಂದು ಕಾಗದಕ್ಕೆ ಸಹಿ ಹಾಕಿದರು. ಇಬ್ಬರು ಗಂಡಸರು ಬಂದು, ಮೂರು ಮಹಡಿಯ ಮೆಟ್ಟಿಲನ್ನು ಅಳೆದು ಸುರಿದು ನೋಡಿ, ಅಕ್ಕನನ್ನು ಜೋಪಾನವಾಗಿ ಇಳಿಸಿಕೊಂಡು ಹೋದರು. ಅಂತ್ಯಕ್ರಿಯೆಗೆ ಎರಡು ದಿನ ಕಾಯಬೇಕು ಎಂದರು. ಹನ್ನೆರಡೂವರೆಗೆಲ್ಲ ಮುಗಿದಿತ್ತು. ಭಾವ ಅಡುಗೆಮನೆಯಲ್ಲಿ ಕೂತು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು. ಪುಟ್ಟಿ ಹಾಸಿಗೆಯ ಬಟ್ಟೆ ತೆಗೆದು ಒಗೆಯಲು ಹಾಕಿದಳು. ಇನ್ನು ಮಾಡಲು ಏನೂ ಇರಲಿಲ್ಲ. ಆಫೀಸಿಗೆ ಹೇಳೋಣವೆಂದರೆ ಅಲ್ಲಿನ್ನೂ ಬೆಳಗಿನ ಜಾವ, ಊರೆಲ್ಲ ನಿದ್ದೆಯಲ್ಲಿದೆ. ಪರದೆಯ ಮೇಲೆ ಒಂಬತ್ತು ನಕ್ಷೆಗಳು ಕಾಯುತ್ತಿದ್ದವು. ಅವಳು ಕೂತಳು. ನಾಲ್ಕಕ್ಕೆ ಬದಲು ಐದೂವರೆಗೆ ಎದ್ದಳು. ಅಷ್ಟೂ ಮುಗಿದಿತ್ತು.

ರಜೆಯ ಅರ್ಜಿಯಲ್ಲಿ ಕಾರಣ ಎಂಬಲ್ಲಿ 'ಸ್ವಂತ ಕೆಲಸ' ಎಂದು ತುಂಬಿ, ಅಂತ್ಯಕ್ರಿಯೆಯ ದಿನ ಮಾತ್ರ ರಜೆ ಹಾಕಿದಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರೆಮಾಚಬೇಕೆಂದಲ್ಲ. ಹೇಳಲು ಬಾಯಿ ತೆರೆಯಬೇಕಾದ ಗಳಿಗೆ ಒಂದೂ ಬರಲಿಲ್ಲ, ಅಷ್ಟೇ. ದುಃಖ ಬರುತ್ತದೆಂದು ಕಾದಳು, ಅದೂ ಬರಲಿಲ್ಲ. ಹಲ್ಲು ಕೀಳಲು ಸೂಜಿ ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗೆ ಇಡೀ ಮೈಯಾಗಿತ್ತು. ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಮುಂದಿಟ್ಟದ್ದನ್ನು ತಿನ್ನುತ್ತಿದ್ದಳು. ಒಂದು ನಕ್ಷೆ ಮುಗಿದ ಕೂಡಲೇ ಎದ್ದು ನಿಂತು, ಬರಿಯ ಮಂಚ ನೋಡಿ, ಮತ್ತೆ ಕೂರುತ್ತಿದ್ದಳು.

ಇಪ್ಪತ್ತು ದಿನ ಹೀಗೇ ಹೋದ ಮೇಲೆ ಒಂದು ಸೋಮವಾರ ಸಂಜೆ ಆಗಲಿ ಸಾರ್ ಫೋನ್ ಮಾಡಿದರು. ದನಿಯಲ್ಲಿ ಹುರುಪಿತ್ತು.

"ಮೇಡಂ, ಹೊರದೇಶದಿಂದ ಕೆಲಸ ಮಾಡೋ ಸವಲತ್ತನ್ನ ಎಲ್ಲರಿಗೂ ಕಾಯಂ ಮಾಡಬೇಕು ಅಂತ ಆಡಳಿತ ಮಂಡಳಿ ಮುಂದೆ ಇಟ್ಟಿದೀನಿ. ಗುರುವಾರ ಮೀಟಿಂಗು. ನೀವೇ ನಮ್ಮ ಮೊದಲನೇ ಬೋಣಿ. ಹತ್ತು ನಿಮಿಷ ಮಾತಾಡಿ. ಕೆಲಸದವರಿಗೆ ಏನು ಲಾಭ, ಕಂಪನಿಗೆ ಏನು ಲಾಭ, ಇಷ್ಟೇ. ಅಂದ ಹಾಗೆ ಅಕ್ಕ ಹೇಗಿದ್ದಾರೆ?"

"ಹಾಗೇ ಇದಾಳೆ ಸಾರ್."

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಭಾವ ನಿಂತಿದ್ದರು. ಬಸ್ಸಿನ ಯೂನಿಫಾರ್ಮನ್ನು ಇನ್ನೂ ಬಿಚ್ಚಿರಲಿಲ್ಲ.

"ಯಾರಮ್ಮ ಹಾಗೇ ಇರೋದು?"

ಭಾವ ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. "ಆಫೀಸಿಗೆ ಹೇಳಿಲ್ವಾ?"

"ಇಲ್ಲ ಭಾವ. ಅಕ್ಕನ ಆರೈಕೆ ಅಂತ ಒಪ್ಪಂದ. ಅಕ್ಕ ಇಲ್ಲ ಅಂದ್ರೆ ಒಪ್ಪಂದ ಇಲ್ಲ, ವಾಪಸ್ ಹೋಗಬೇಕು."

"ಹೋಗೋಕೆ ಇಷ್ಟ ಇಲ್ವಾ?"

"ಇಷ್ಟ ಇದೆಯೋ ಇಲ್ವೋ ಅಂತಾನೇ ಗೊತ್ತಾಗ್ತಿಲ್ಲ."

ಅದು ನಿಜವಾದ ಮಾತಾಗಿತ್ತು. ಭಾವ ಅದನ್ನು ನಂಬಿದರು. ಊಟಕ್ಕೆ ಏಳು ಎಂದರು, ಅಷ್ಟೇ.

ಬುಧವಾರ ಭಾಷಣ ಬರೆಯಲು ಕೂತಳು. ಕಂಪನಿಗೆ ಲಾಭ ಎಂದು ಬರೆದು ಕೆಳಗೆ ಹಳಬರು ಉಳಿಯುತ್ತಾರೆ, ಹೊತ್ತು ಉಳಿಯುತ್ತದೆ, ಕಾರ್ಖಾನೆ ಕಾಯುವುದಿಲ್ಲ ಎಂದು ಸೇರಿಸಿದಳು. ಕೆಲಸದವರಿಗೆ ಲಾಭ ಎಂದು ಬರೆದಲ್ಲಿ ಕೈ ನಿಂತಿತು. ಏನೋ ನೆನಪಾಗಿ ಆ ಮಂಗಳವಾರದ ನಕ್ಷೆಗಳನ್ನು ಹುಡುಕಿ ತೆರೆದಳು. ಬೆಳಗಿನ ಎರಡನ್ನು ಬಿಟ್ಟು, ಮಧ್ಯಾಹ್ನದ ಒಂಬತ್ತು. ಮೊದಲಿಂದ ಅಳೆಯತೊಡಗಿದಳು. ಗುಂಡಿಯ ಆಳ ಸರಿ. ಚಾವಣಿಯ ಜಾಗ ಸರಿ. ಬಾಗಿಲಿನ ದಿಕ್ಕು ಸರಿ. ನಾಲ್ಕನೆಯದರಲ್ಲಿ ಏನೋ ಇದೆ ಎನ್ನಿಸಿ ಪರದೆಗೆ ಬಾಗಿದಳು. ನೋಡಿದರೆ ಆ ತಪ್ಪನ್ನು ಅವಳೇ ಆವತ್ತು ಕೆಂಪಿನಲ್ಲಿ ಗುರುತು ಮಾಡಿದ್ದಳು. ಬೇರೆಯವರು ಕಂಡುಹಿಡಿಯುವಂಥ ತಪ್ಪೇ ಅಲ್ಲ ಅದು. ಸಂಜೆಯವರೆಗೆ ನೋಡಿದಳು. ಒಂಬತ್ತರಲ್ಲಿ ಒಂದೂ ತಪ್ಪಿರಲಿಲ್ಲ.

ಭಾವ ಬಂದಾಗ ಅವಳು ಆರಿದ ಪರದೆಯ ಮುಂದೆ ಕೂತಿದ್ದಳು.

"ಏನಾಯ್ತಮ್ಮ? ಮುಖ ಯಾಕೆ ಹಾಗಿದೆ?"

"ಆವತ್ತು ಮಾಡಿದ ಕೆಲಸ ನೋಡಿದೆ ಭಾವ. ಎಲ್ಲಾ ಸರಿ ಇದೆ."

"ಒಳ್ಳೇದಲ್ವಾ?"

"ಒಡಹುಟ್ಟಿದವಳನ್ನ ಮೆಟ್ಟಿಲಲ್ಲಿ ಇಳಿಸಿ ಕಳಿಸಿ ಕೂತೆ. ಒಂದು ಅಳತೆನಾದ್ರೂ ತಪ್ಪಬೇಕಿತ್ತು. ಎಲ್ಲಾದ್ರೂ ಒಂದು ಕಡೆ ಕೈ ನಡುಗಬೇಕಿತ್ತು. ನಾನೇನು ಮನುಷ್ಯಳೋ ಮರವೋ?"

ಭಾವ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಅದರ ಅಂಚನ್ನು ತಿರುಗಿಸುತ್ತ ಹೇಳಿದರು.

"ಅಂತ್ಯಕ್ರಿಯೆ ಆದ ಮಾರನೇ ದಿನ ನಾನು ಡ್ಯೂಟಿಗೆ ಹೋದೆ ನೋಡು. ನಲವತ್ತೊಂದು ಸ್ಟಾಪು. ಒಂದೂ ಬಿಡಲಿಲ್ಲ, ಒಂದು ನಿಮಿಷ ತಡ ಆಗಲಿಲ್ಲ. ಒಬ್ಬ ಮುದುಕಿ ಇಳಿಯೋವಾಗ 'ಎಷ್ಟು ನಿಧಾನವಾಗಿ ಓಡಿಸ್ತೀಯಪ್ಪಾ, ನಿನ್ನ ಹೆಂಡತಿ ಪುಣ್ಯ ಮಾಡಿದಾಳೆ' ಅಂದ್ಲು. 'ಹೂಂ ಅಜ್ಜಿ' ಅಂದೆ."

"ಆಮೇಲೆ?"

"ಆಮೇಲೇನು? ಮುಂದಿನ ಸ್ಟಾಪು."

ಗುರುವಾರ ಸಂಜೆ ಐದಕ್ಕೆ, ಅಲ್ಲಿನ ಬೆಳಗಿನ ಒಂಬತ್ತಕ್ಕೆ, ಪರದೆಯ ಮೇಲೆ ಹನ್ನೊಂದು ಮುಖಗಳು ಮೂಡಿದವು. ಆಗಲಿ ಸಾರ್ ಅವಳನ್ನು ಪರಿಚಯ ಮಾಡಿಕೊಟ್ಟರು. ಪುಟ್ಟಿ ಬರೆದದ್ದನ್ನು ಓದಿದಳು. ನಕ್ಷೆ ಮೊದಲು ಎರಡು ದಿನ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. ಮೂರು ಜನ ಅನುಭವಸ್ಥರು ಕೆಲಸ ಬಿಡಬೇಕಿತ್ತು, ಬಿಡಲಿಲ್ಲ. ಮಂಡಳಿಯವರು ತಲೆದೂಗಿದರು. ಒಬ್ಬರು ಬರೆದುಕೊಂಡರು.

"ಇನ್ನು ಕೆಲಸದವರಿಗೆ ಲಾಭ," ಎಂದು ಕಾಗದ ಬದಿಗಿಟ್ಟಳು. "ನಮ್ಮಕ್ಕನ ಜೊತೆ ಎಂಟು ತಿಂಗಳು ಇದ್ದೆ. ಕೆಲಸ ಬಿಟ್ಟು ಬಂದಿದ್ರೂ ಇರ್ತಿದ್ದೆ, ಆದ್ರೆ ನಾಳೆ ಏನು ಅಂತ ಚಿಂತೆ ಮಾಡ್ಕೊಂಡು ಇರ್ತಿದ್ದೆ. ಆ ಚಿಂತೆ ಇರಲಿಲ್ಲ. ಅವಳ ಕೈ ಹಿಡ್ಕೊಂಡಾಗ ಬರೀ ಕೈ ಹಿಡ್ಕೊಂಡಿದ್ದೆ. ಇದಕ್ಕಿಂತ ದೊಡ್ಡ ಲಾಭ ನನಗೆ ಗೊತ್ತಿಲ್ಲ." ನೀರು ಕುಡಿದಳು. "ಅಕ್ಕ ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನ ಆಯ್ತು. ಸೋಮವಾರ ಸಾರ್ ಕೇಳಿದಾಗ ಹಾಗೇ ಇದಾಳೆ ಅಂದೆ. ಸುಳ್ಳು ಹೇಳಿದೆ, ತಪ್ಪಾಯ್ತು."

ಆಗಲಿ ಸಾರ್ ಕನ್ನಡಕ ತೆಗೆದರು.

ಮಂಡಳಿಯ ಒಬ್ಬ ಹಿರಿಯ ಹೆಂಗಸು ಮೆಲ್ಲಗೆ ಕೇಳಿದರು. "ಆ ದಿನ... ನೀವು ಕೆಲಸ ಮಾಡಿದ್ರಾ?"

"ಮಾಡಿದೆ ಮೇಡಂ. ಹನ್ನೊಂದು ನಕ್ಷೆ."

"ಯಾರಿಗೂ ಗೊತ್ತಾಗಲಿಲ್ವಾ?"

"ಕೆಲಸದಲ್ಲಿ ಏನೂ ವ್ಯತ್ಯಾಸ ಆಗಿರಲಿಲ್ಲ. ಹೇಗೆ ಗೊತ್ತಾಗುತ್ತೆ? ಆಫೀಸಿನಲ್ಲಿ ಇದ್ದಿದ್ರೆ ಕಾಫಿ ತರೋರಾದ್ರೂ ಮುಖ ನೋಡಿ ಕೇಳ್ತಿದ್ರು. ಇಲ್ಲಿ ನನ್ನ ನಕ್ಷೆ ಬರುತ್ತೆ, ಮುಖ ಬರಲ್ಲ. ಸವಲತ್ತು ಎಲ್ಲರಿಗೂ ಕೊಡಿ, ಖಂಡಿತ ಕೊಡಿ. ಆದ್ರೆ ಕೆಲಸ ಸರಿಯಾಗಿ ಬರ್ತಿದೆ ಅಂದ್ರೆ ಮನುಷ್ಯರು ಸರಿ ಇದಾರೆ ಅಂತ ತಿಳ್ಕೋಬೇಡಿ. ಅಷ್ಟೇ ನಾನು ಹೇಳೋದು. ಹತ್ತು ನಿಮಿಷ ಆಯ್ತು ಅನ್ಸುತ್ತೆ."

ಅರ್ಧ ಗಂಟೆಯ ಮೇಲೆ ಆಗಲಿ ಸಾರ್ ಒಬ್ಬರೇ ಫೋನ್ ಮಾಡಿದರು. "ಪ್ರತಿದಿನ ಬೆಳಿಗ್ಗೆ ಮೊದಲು ನಿಮ್ಮ ನಕ್ಷೆ ತೆಗೀತಿದ್ದೆ ಮೇಡಂ. ಆ ಮಂಗಳವಾರ ಬೆಳಿಗ್ಗೆನೂ ತೆಗೆದೆ. 'ಎಷ್ಟು ಅಚ್ಚುಕಟ್ಟು' ಅಂತ ಪಕ್ಕದವರಿಗೆ ತೋರಿಸಿದೆ." ಕೆಮ್ಮಿ ಮಾತು ಮುಂದುವರಿಸಿದರು. "ಮಂಡಳಿ ಒಪ್ಪಿಕೊಂಡಿದೆ. ಎಲ್ಲಿಂದ ಮಾಡ್ತೀರಿ ಅನ್ನೋದು ಇನ್ಮೇಲೆ ನಿಮಗೆ ಬಿಟ್ಟಿದ್ದು. ಹೊರಗಿರೋ ಒಬ್ಬೊಬ್ಬರ ಜೊತೆನೂ ವಾರಕ್ಕೊಂದು ಸಲ ಕೆಲಸ ಬಿಟ್ಟು ಬೇರೆ ಮಾತಾಡಬೇಕು ಅಂತ ಆ ಮೇಡಂ ಬರೆಸಿದ್ರು. ನಾಳೆಯಿಂದ ನಿಮಗೆ ಮೂರು ವಾರ ರಜೆ. ಕಾರಣ ನಾನೇ ತುಂಬ್ತೀನಿ."

"ಆಗಲಿ ಸಾರ್," ಎಂದಳು ಪುಟ್ಟಿ. ಅಂದ ಮೇಲೆ ತಾನು ಅಂದದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಅವರಿಗೆ ತಮ್ಮ ಅಡ್ಡಹೆಸರು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ.

ರಜೆಯ ಮೊದಲ ನಾಲ್ಕು ದಿನ ಅವಳು ಏನೂ ಮಾಡಲಿಲ್ಲ. ಐದನೆಯ ದಿನ ಭಾವನ ಜೊತೆಯಲ್ಲೇ ಮನೆಯಿಂದ ಹೊರಟು, ಡಿಪೋದ ಹೊರಗೆ ನಿಂತು, ಅವರ ಬಸ್ಸು ಬಂದಾಗ ಹತ್ತಿ ಡ್ರೈವರ್ ಸೀಟಿನ ಹಿಂದೆಯೇ ಕೂತಳು. ಎಂಟು ತಿಂಗಳಿಂದ ಈ ಊರಿನಲ್ಲಿದ್ದೂ ಆಸ್ಪತ್ರೆಯ ದಾರಿ, ಔಷಧದ ಅಂಗಡಿ ಬಿಟ್ಟು ಬೇರೇನೂ ನೋಡಿರಲಿಲ್ಲ. ಶಾಲೆ, ಈಜುಕೊಳ, ಟೈರ್ ಅಂಗಡಿ, ಉದ್ದಕ್ಕೂ ಒಣಗಹಾಕಿದ ಬಟ್ಟೆಗಳ ಬಾಲ್ಕನಿಗಳು ಒಂದಾದ ಮೇಲೊಂದು ಹಿಂದೆ ಸರಿದವು. ಜನ ಹತ್ತಿದರು, ಇಳಿದರು. ಚೆನ್ನಾಗಿದೆ ಎಂದೂ ಅನ್ನಿಸಲಿಲ್ಲ, ಬೇಸರವೂ ಆಗಲಿಲ್ಲ. ನಿಲ್ದಾಣಗಳನ್ನು ಎಣಿಸುತ್ತಿದ್ದವಳು ಹದಿನೇಳರ ಹತ್ತಿರ ಲೆಕ್ಕ ತಪ್ಪಿದಳು, ಮತ್ತೆ ಎಣಿಸಹೋಗಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾಯಿತು. ಭಾವ ಎಂಜಿನ್ ಆರಿಸಿ ಹಿಂದೆ ತಿರುಗಿದರು.

"ನಿಮ್ಮಕ್ಕ ಒಂದು ದಿನಾನೂ ನನ್ನ ಬಸ್ ಹತ್ತಲಿಲ್ಲ, ಗೊತ್ತಾ? ಕರೆದು ಕರೆದು ಸಾಕಾಯ್ತು. 'ನಿಮ್ಮ ಓಡಾಟ ದಿನಾ ಮನೇಲಿ ನೋಡ್ತೀನಲ್ಲ, ಅದಕ್ಕೆ ಟಿಕೆಟ್ ಬೇರೆ ತಗೋಬೇಕಾ' ಅಂತಿದ್ಲು."

ಅದು ಅಕ್ಕನದೇ ದನಿ. ಭಾವ ನಕ್ಕರು. ಪುಟ್ಟಿಯ ತುಟಿಯೂ ಒಂದಿಷ್ಟು ಸರಿಯಿತು. ಅದು ನಗುವೋ ಬೇರೇನೋ ಅವಳಿಗೇ ತಿಳಿಯಲಿಲ್ಲ.

"ವಾಪಸ್ ಎಷ್ಟೊತ್ತಿಗೆ ಭಾವ?"

"ಇನ್ನು ಹದಿನೈದು ನಿಮಿಷ ಇದೆ. ಕಾಲಾಡಿಸಿ ಬರ್ತೀಯಾ?"

"ಬೇಡ. ಇಲ್ಲೇ ಕೂತಿರ್ತೀನಿ."

"ಸರಿ ಹಾಗಾದ್ರೆ," ಎಂದು ಭಾವನೂ ಇಳಿಯದೆ ಅಲ್ಲೇ ಕೂತರು.